ಕಂಪ್‌ಬುಕ್‌ಗೆ ಲಿನಕ್ಸ್: ಪೆನ್‌ಡ್ರೈವ್ ಬೂಟ್ ಮೆನುವಿನಲ್ಲಿ ಕಾಣದಿದ್ದರೆ

ಸರ್, ಉಬುಂಟು ಎಂಬ ಲಿನಕ್ಸ್ ಬರೆದ ಪೆನ್‌ಡ್ರೈವ್ ನಿಮ್ಮ ಲ್ಯಾಪ್‌ಟಾಪ್‌ನ ಬೂಟ್ ಮೆನುವಿನಲ್ಲಿ ಕಾಣುತ್ತಿಲ್ಲ, ಅದು ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಪೆನ್‌ಡ್ರೈವ್ ಕೆಟ್ಟಿಲ್ಲ, ಇನ್ನೊಂದು ತರಬೇಡಿ. ನೀವು ಬರೆದ ವಿವರದಲ್ಲೇ ಕಾರಣ ಇದೆ: ಐಬಾಲ್ ಕಂಪ್‌ಬುಕ್, ಆಟಮ್ ಝಡ್3735ಎಫ್, 2 ಜಿಬಿ ರ‍್ಯಾಮ್, 32 ಜಿಬಿ ಇಎಂಎಂಸಿ (ಡಿಸ್ಕ್ ಬದಲು ಬೋರ್ಡಿಗೇ ಅಂಟಿದ ಸ್ಟೋರೇಜ್ ಚಿಪ್), ಉಬುಂಟು ಬೂಟ್ ಮೆನುವಿನಲ್ಲಿ ಬರುತ್ತಲೇ ಇಲ್ಲ. 2016ರ ಸುಮಾರಿಗೆ ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತಿದ್ದ ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ 64 ಬಿಟ್, ಆದರೆ ಆನ್ ಮಾಡಿದಾಗ ಅದನ್ನು ಎಬ್ಬಿಸುವ ಒಳಗಿನ ಸಾಫ್ಟ್‌ವೇರ್, ಅಂದರೆ ಯುಇಎಫ್‌ಐ, 32 ಬಿಟ್. ಅದಕ್ಕೆ 64 ಬಿಟ್ ಬೂಟ್ ಫೈಲ್ ಓದಲು ಬರುವುದಿಲ್ಲ. ವಿಂಡೋಸ್‌ನ ಸೆಟಿಂಗ್ಸ್‌ನಲ್ಲಿ ಸಿಸ್ಟಮ್, ಅಬೌಟ್ ತೆರೆದು ನೋಡಿ. 32 ಬಿಟ್ ಆಪರೇಟಿಂಗ್ ಸಿಸ್ಟಮ್, ಎಕ್ಸ್64 ಪ್ರೊಸೆಸರ್ ಅಂತ ಇದ್ದರೆ ಇದೇ ಕೇಸು.

ಈಗ ಪೆನ್‌ಡ್ರೈವ್‌ನಲ್ಲಿ ಇಎಫ್‌ಐ ಫೋಲ್ಡರ್, ಅದರೊಳಗಿನ ಬೂಟ್ ಫೋಲ್ಡರ್ ತೆರೆಯಿರಿ. ಉಬುಂಟುವಿನಲ್ಲಿ 64 ಬಿಟ್‌ನ ಬೂಟ್ ಫೈಲ್ ಬೂಟ್‌ಎಕ್ಸ್64 ಇರುತ್ತದೆ, ನಿಮಗೆ ಬೇಕಾದ 32 ಬಿಟ್‌ನ ಬೂಟ್‌ಐಎ32 ಇರುವುದಿಲ್ಲ. ಆ ಫೈಲ್ ಒಂದನ್ನೇ ಎಲ್ಲಿಂದಲೋ ತಂದು ಹಾಕಿದರೆ ಪೆನ್‌ಡ್ರೈವ್ ಏನೋ ಏಳುತ್ತದೆ, ಆದರೆ ಇನ್‌ಸ್ಟಾಲ್ ಆಗುವಾಗ 64 ಬಿಟ್ ಗ್ರಬ್ (ಲಿನಕ್ಸ್ ಶುರು ಮಾಡುವ ಬೂಟ್‌ಲೋಡರ್) ಕೂತುಕೊಂಡು ಮತ್ತೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಆ ಗೋಜು ಯಾಕೆ? ಸುಮ್ನೆ ಇನ್ನೊಂದು ಲಿನಕ್ಸ್ ಆದ ಡೆಬಿಯನ್ 12 ತಗೊಳ್ಳಿ. ಡೆಬಿಯನ್ 2015ರಿಂದಲೇ ಇಂಥ ಅರೆಬೆರೆ ಮೆಷಿನ್‌ಗಳನ್ನು ನೋಡಿಕೊಳ್ಳುತ್ತಿದೆ, 12ರಲ್ಲಿ ವೈಫೈ ಫರ್ಮ್‌ವೇರ್ (ವೈಫೈ ಚಿಪ್ ನಡೆಯಲು ಬೇಕಾದ ಫೈಲ್) ಕೂಡ ಜೊತೆಗೇ ಬರುತ್ತದೆ. ಪೆನ್‌ಡ್ರೈವ್‌ಗೆ ಬರೆದ ಮೇಲೂ ಆ ಬೂಟ್‌ಐಎ32 ಇದೆಯಾ ಅಂತ ಒಂದ್ಸಲ ನೋಡಿಕೊಳ್ಳಿ. ಯುಇಎಫ್‌ಐ ಸೆಟಿಂಗ್ಸ್‌ನಲ್ಲಿ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಬೂಟ್ ಫೈಲ್‌ಗಳನ್ನು ತಡೆಯುವ ಬೀಗ) ಆಫ್ ಮಾಡಿ.

ವಿಂಡೋಸ್ ಜೊತೆಗೇ ಇಟ್ಟುಕೊಳ್ಳಬಹುದಾ ಅಂತ ಕೇಳಿದ್ದೀರಿ. 32 ಜಿಬಿಯಲ್ಲಿ ಎರಡೂ ಇಟ್ಟರೆ ಎರಡಕ್ಕೂ ಉಸಿರುಗಟ್ಟುತ್ತದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು, 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್ ಬೇಕು. ಪೂರ್ತಿ ಅಳಿಸಿ. ಆದರೆ ಹಳೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಆಸ್ಕಿ ಫೈಲ್‌ಗಳಿದ್ದರೆ (ನುಡಿ ಫಾಂಟ್ ಇಲ್ಲದೆ ಇವನ್ನು ಓದಲಾಗದು) ಮೊದಲೇ ಯೂನಿಕೋಡ್‌ಗೆ ಬದಲಾಯಿಸಿ, ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ.

ಇನ್‌ಸ್ಟಾಲರ್ ಡಿಸ್ಕ್ ಮುಟ್ಟುವ ಮುಂಚೆ ನೆಟ್‌ವರ್ಕ್ ಕೇಳುತ್ತದೆ. ಅಲ್ಲಿ ನಿಮ್ಮ ಮನೆ ವೈಫೈ ಹೆಸರು ಬಂದರೆ ಅರ್ಧ ಗೆದ್ದಂತೆ. ಬರದಿದ್ದರೆ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಡಿಸ್ಕ್ ಪಟ್ಟಿಯಲ್ಲಿ ಇಎಂಎಂಸಿ ಹೆಸರು ಎಂಎಂಸಿಬಿಎಲ್‌ಕೆ0 ಅಂತಿರುತ್ತದೆ, ಎಸ್‌ಡಿಎ ಅಂತ ಕಾಣುವುದು ನಿಮ್ಮ ಪೆನ್‌ಡ್ರೈವ್. ಯಾವ ಡೆಸ್ಕ್‌ಟಾಪ್ ಬೇಕು ಅಂತ ಕೇಳುವಾಗ ಭಾರದ ಗ್ನೋಮ್‌ಗೆ ಟಿಕ್ ಹಾಕಿರುತ್ತದೆ, ಅದನ್ನು ತೆಗೆದು ಹಗುರವಾದ ಎಲ್‌ಎಕ್ಸ್‌ಕ್ಯೂಟಿಗೆ ಹಾಕಿ. ಟಿಕ್ ಹಾಕಲು, ತೆಗೆಯಲು ಸ್ಪೇಸ್ ಬಾರ್ ಒತ್ತಬೇಕು, ಎಂಟರ್ ಒತ್ತಿದರೆ ಮುಂದಕ್ಕೆ ಹೋಗಿಬಿಡುತ್ತದೆ.

ಎಲ್ಲ ಆದಮೇಲೆ, ಮೆಮೊರಿಯಲ್ಲಿರುವುದನ್ನು ಕುಗ್ಗಿಸಿ ಜಾಗ ಉಳಿಸುವ ಝಡ್‌ರ‍್ಯಾಮ್ ಹಾಕಿಕೊಳ್ಳಿ. ಡೆಸ್ಕ್‌ಟಾಪ್ ಹಗುರವೇ, ರ‍್ಯಾಮ್ ತಿನ್ನುವುದು ಬ್ರೌಸರ್. ಮಗಳ ಆನ್‌ಲೈನ್ ಕ್ಲಾಸ್ ಇದ್ದಾಗ ಬೇರೆ ಟ್ಯಾಬ್ ಎಲ್ಲ ಮುಚ್ಚಿರಬೇಕು, ಇದಕ್ಕಿಂತ ಜಾಸ್ತಿ ಈ ಮೆಷಿನ್ನಿಂದ ಕೇಳಬೇಡಿ. ಆಗಾಗ ಪೂರ್ತಿ ಫ್ರೀಜ್ ಆದರೆ ಇಲ್ಲಿ ಹೇಳಿ, ಈ ಆಟಮ್‌ಗಳಿಗೆ ಗ್ರಬ್‌ನಲ್ಲಿ ಮ್ಯಾಕ್ಸ್ ಸಿ-ಸ್ಟೇಟ್ 1 ಅಂತ ಸೇರಿಸಿ ಪ್ರೊಸೆಸರ್ ಆಳವಾದ ನಿದ್ದೆಗೆ ಹೋಗದಂತೆ ತಡೆಯುವ ಮದ್ದಿದೆ, ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ ಅಷ್ಟೇ. ಕನ್ನಡ ಟೈಪ್ ಮಾಡಲು ಐಬಸ್ ಮತ್ತು ಎಂ17ಎನ್ ಎಂಬ ಪ್ಯಾಕೇಜ್‌ಗಳನ್ನು ಹಾಕಿ ಕಗಪ ಕೀಲಿವಿನ್ಯಾಸ ಆರಿಸಿಕೊಳ್ಳಿ, ನುಡಿ ಕೀಲಿಗೆ ಹೊಂದಿದ ಕೈಗೆ ಕಷ್ಟ ಆಗಲ್ಲ.