ಹೆಂಡತಿಗೆ ಹರ್ನಿಯಾ ಎಂದು ಹೇಳಲಿದ್ದ ಶಸ್ತ್ರಚಿಕಿತ್ಸೆ

ಇಲ್ಲಿ ಬರುವ ದಂಪತಿಯ ಗುರುತು ಸಿಗದಂತೆ ಊರು, ಉದ್ಯೋಗ ಮುಂತಾದ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯನ್ನೂ ಪಡೆದಿದ್ದೇನೆ.

ಗೊಬ್ಬರದ ಅಂಗಡಿ ನಡೆಸುವ 54 ವರ್ಷದ ಗೃಹಸ್ಥರೊಬ್ಬರನ್ನು ಮೂತ್ರರೋಗ ತಜ್ಞರು ಆಪ್ತಸಮಾಲೋಚನೆಗೆಂದು ನನ್ನ ಬಳಿ ಕಳಿಸಿದ್ದರು. ಜೊತೆಗಿದ್ದ ಚೀಟಿಯಲ್ಲಿ ಎರಡೇ ಸಾಲು: ‘ಶಿಶ್ನದ ಇಂಪ್ಲಾಂಟ್‌ಗೆ ವೈದ್ಯಕೀಯವಾಗಿ ಅರ್ಹರು. ಪತ್ನಿಗೆ ವಿಷಯ ತಿಳಿದಿಲ್ಲ.’ ನಿಮಿರುವಿಕೆ ಬಾರದವರಿಗೆ ಶಸ್ತ್ರಚಿಕಿತ್ಸೆ ಮಾಡಿ ಶಿಶ್ನದೊಳಗೆ ಕೂರಿಸುವ ಸಾಧನವೇ ಈ ಇಂಪ್ಲಾಂಟ್. ಹೆಂಗಸಿನ ಎದುರು ಈ ಮಾತು ಹೇಗೆ ತೆಗೆಯುವುದೆಂದು ತಿಳಿಯದೆ ಅವರು ಮೊದಲ ಇಪ್ಪತ್ತು ನಿಮಿಷ ತಮ್ಮ ಸಕ್ಕರೆ ಕಾಯಿಲೆಯ ಹದಿನಾರು ವರ್ಷಗಳ ಇತಿಹಾಸವನ್ನೇ ಹೇಳಿದರು. ಕೊನೆಗೆ ಕಿಟಕಿಯ ಕಡೆ ನೋಡುತ್ತ, “ಆಪರೇಷನ್ ಒಂದು ಆಗಿಬಿಡಲಿ ಮೇಡಂ. ಮನೇಲಿ ಹರ್ನಿಯಾ ಅಂತ ಹೇಳಿಬಿಡ್ತೀನಿ” ಎಂದರು.

ನಿಮಿರುವಿಕೆ ಕುಂದತೊಡಗಿ ಐದು ವರ್ಷವಾಗಿತ್ತು. ಬೆಳಗಿನ ಜಾವ ತಾನಾಗಿ ಆಗುತ್ತಿದ್ದದ್ದೂ ನಿಂತಿತ್ತು. ತಿಂಗಳಿಗೊಮ್ಮೆ ಲಾಡ್ಜಿನಲ್ಲಿ ರೂಮು ಹಿಡಿದು ‘ಗುಪ್ತ ಸಮಸ್ಯೆ’ಗಳಿಗೆ ಔಷಧ ಕೊಡುವವನೊಬ್ಬನಿಗೆ ಸಾವಿರಾರು ರೂಪಾಯಿ ಸುರಿದು ಕಪ್ಪು ಲೇಹ್ಯ ತಿಂದಿದ್ದರು. ಮೆಡಿಕಲ್ ಶಾಪಿನಿಂದ ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ (ವಯಾಗ್ರ) ಮಾತ್ರೆ ತಂದು, ಹೊಟ್ಟೆ ಬಿರಿಯ ಊಟದ ಮೇಲೆ ನುಂಗಿ, ಮಲಗಿ ಕಾದಿದ್ದರು. ಜಿಡ್ಡಿನ ಊಟದ ಮೇಲೆ ಆ ಮಾತ್ರೆ ನಿಧಾನವಾಗುತ್ತದೆ, ಮನಸ್ಸಿಗೂ ದೇಹಕ್ಕೂ ಪ್ರಚೋದನೆ ಇಲ್ಲದೆ ಅದು ಕೆಲಸವನ್ನೇ ಮಾಡುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮುಟ್ಟಲೇಬಾರದು, ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಇಳಿಯುತ್ತದೆ ಎಂಬುದನ್ನೂ ಹೇಳಿರಲಿಲ್ಲ. ಅದೃಷ್ಟಕ್ಕೆ ಇವರಿಗೆ ಆ ಮಾತ್ರೆ ಇರಲಿಲ್ಲ. ತಜ್ಞರು ಎಲ್ಲವನ್ನೂ ಕ್ರಮವಾಗಿ ಮೊದಲಿಂದ ಮಾಡಿಸಿದ್ದರು. ಪೂರ್ಣ ಪ್ರಮಾಣದ ಮಾತ್ರೆಯನ್ನು ಸರಿಯಾದ ರೀತಿಯಲ್ಲಿ ಹಲವು ಸಲ ಕೊಟ್ಟು ನೋಡಿದ್ದರು, ಶಿಶ್ನಕ್ಕೇ ಕೊಡುವ ಇಂಜೆಕ್ಷನ್ ಪ್ರಯತ್ನಿಸಿದ್ದರು, ನಿರ್ವಾತ ಪಂಪನ್ನೂ ತೋರಿಸಿದ್ದರು. ಡಾಪ್ಲರ್ ಪರೀಕ್ಷೆಯಲ್ಲಿ ರಕ್ತದ ಹರಿವು ಕಡಿಮೆ ಎಂದು ಬಂದಿತ್ತು. ಶಿಶ್ನದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಸಣ್ಣವಾದ್ದರಿಂದ ಅವು ಮೊದಲು ಕಟ್ಟುತ್ತವೆ. ಹಾಗಾಗಿ ಹೃದಯದ ತಪಾಸಣೆಯೂ ಮುಗಿದಿತ್ತು.

ಮೊದಲ ಭೇಟಿಯಲ್ಲಿ ತಪ್ಪಿದ್ದು ನಾನು. ದಾಂಪತ್ಯವೆಂದರೆ ಸಂಭೋಗವೊಂದೇ ಅಲ್ಲ, ಸ್ಪರ್ಶಕ್ಕೂ ಸಾಂಗತ್ಯಕ್ಕೂ ಅದರದೇ ಬೆಲೆ ಇದೆ ಎಂದು ನಮ್ಮ ವೃತ್ತಿಯಲ್ಲಿ ಬಾಯಿಪಾಠವಾಗಿರುವ ಮಾತನ್ನು ಹೇಳಿದೆ. ಮಾತು ಸುಳ್ಳಲ್ಲ, ಆದರೆ ಚಿಕಿತ್ಸೆ ಕೇಳಿಕೊಂಡು ಬಂದವರಿಗೆ ಅದು ಕಾಲು ಮುರಿದವನಿಗೆ ನಡಿಗೆಯೊಂದೇ ಬದುಕಲ್ಲ ಎಂದ ಹಾಗೆ ಕೇಳಿಸುತ್ತದೆ. ಅವರು ತಲೆಯಾಡಿಸಿ ಎದ್ದುಹೋದವರು ಮೂರು ವಾರ ಬರಲಿಲ್ಲ.

ಮತ್ತೆ ಬಂದಾಗ ನಾನು ಉಪದೇಶ ಬಿಟ್ಟು ನೇರವಾಗಿ ವಿಷಯಕ್ಕೆ ಇಳಿದೆ. ಇದು ಈಚಿನ ಪ್ರಯೋಗ, ತಮ್ಮ ಮೇಲೆ ಪರೀಕ್ಷೆ ಮಾಡುತ್ತಾರೆ ಎಂಬ ಭಯ ಅವರಿಗಿತ್ತು. ದ್ರವ ತುಂಬಿ ಉಬ್ಬಿಸುವ ಇಂಪ್ಲಾಂಟ್ ಅನ್ನು ಅಮೆರಿಕದ ಬ್ರಾಂಟ್ಲಿ ಸ್ಕಾಟ್ ಮತ್ತು ಸಂಗಡಿಗರು ವರದಿ ಮಾಡಿದ್ದು 1973ರಲ್ಲಿ. ಸಿಲ್ಡೆನಾಫಿಲ್ ಮಾತ್ರೆಗೆ ಅಲ್ಲಿ ಅನುಮತಿ ಸಿಕ್ಕಿದ್ದು 1998ರಲ್ಲಿ. ಎಂದರೆ ಅವರು ಹಳೆಯದೆಂದು ನಂಬಿದ್ದ ಮಾತ್ರೆಗಿಂತ ಈ ಶಸ್ತ್ರಚಿಕಿತ್ಸೆಯೇ ಕಾಲು ಶತಮಾನ ಹಿರಿಯದು.

ಆಮೇಲೆ ಅವರು ಕೇಳದಿದ್ದ, ಆದರೆ ಕೇಳಲೇಬೇಕಿದ್ದ ಸಂಗತಿಗಳನ್ನು ಹೇಳಿದೆ. ನಿಮಿರುವಾಗ ರಕ್ತ ತುಂಬಿಕೊಳ್ಳುವ ಎರಡು ಕೊಳವೆಯಂಥ ಭಾಗಗಳೊಳಗೆ ಸಿಲಿಂಡರ್ ಕೂರಿಸಲು ಅಲ್ಲಿನ ಮೃದು ಅಂಗಾಂಶವನ್ನು ಹಿಗ್ಗಿಸಿ ಜಾಗ ಮಾಡುತ್ತಾರೆ. ಮುಂದೊಂದು ದಿನ ಬೇಡವೆಂದು ತೆಗೆಸಿದರೆ ಮಾತ್ರೆಯಾಗಲಿ ಇಂಜೆಕ್ಷನ್ ಆಗಲಿ ಮೊದಲಿನಂತೆ ಕೆಲಸ ಮಾಡುವುದಿಲ್ಲ. ಹಿಂದಿರುಗುವ ದಾರಿ ಇಲ್ಲವೆಂದೇ ತಿಳಿಯಬೇಕು. ಸ್ಪರ್ಶದ ಅರಿವು, ಸುಖದ ತುದಿ ಮುಟ್ಟುವುದು, ಸ್ಖಲನ ಇವೆಲ್ಲ ಮೊದಲು ಹೇಗಿದ್ದವೋ ಹಾಗೇ ಉಳಿಯುತ್ತವೆ. ಆದರೆ ಇಲ್ಲದ ಆಸೆಯನ್ನು ಇಂಪ್ಲಾಂಟ್ ಹುಟ್ಟಿಸುವುದಿಲ್ಲ, ಉದ್ದವನ್ನೂ ಕೊಡುವುದಿಲ್ಲ. ಸ್ವಲ್ಪ ಗಿಡ್ಡವಾದಂತೆ ಅನ್ನಿಸುವುದು ಬಹಳ ಸಾಮಾನ್ಯವಾದ ದೂರು, ಮತ್ತು ತುದಿಯ ಭಾಗ ಮೊದಲಿನಷ್ಟು ಬಿಗಿಯಾಗುವುದಿಲ್ಲ. ಯಂತ್ರವಾದ್ದರಿಂದ ಹತ್ತು ಹದಿನೈದು ವರ್ಷಗಳಲ್ಲಿ ಕೆಟ್ಟು, ಬದಲಿಸಬೇಕಾಗಬಹುದು. ಎಲ್ಲಕ್ಕಿಂತ ಹೆದರಬೇಕಾದದ್ದು ಸೋಂಕಿಗೆ. ಆ್ಯಂಟಿಬಯೋಟಿಕ್ ಲೇಪನದ ಸಾಧನಗಳು ಬಂದ ಮೇಲೆ ಅದು ಬಹಳ ಕಡಿಮೆಯಾಗಿದೆ ನಿಜ, ಆದರೂ ಒಮ್ಮೆ ತಗುಲಿದರೆ ಸಾಮಾನ್ಯವಾಗಿ ಇಡೀ ಸಾಧನವನ್ನೇ ಹೊರತೆಗೆಯಬೇಕಾಗುತ್ತದೆ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಆ ಭಯ ಇನ್ನೂ ಹೆಚ್ಚು. ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಅವರ ಎಚ್‌ಬಿಎ1ಸಿ ಆಗ 9.6 ಇತ್ತು.

ಇನ್ನು ಹರ್ನಿಯಾದ ಮಾತು. ದೇಹ ಅವರದು, ಒಪ್ಪಿಗೆಯ ಸಹಿ ಅವರೊಬ್ಬರದೇ ಸಾಕು, ನಾನಾಗಿ ಅವರ ಮನೆಯವರಿಗೆ ಒಂದಕ್ಷರವನ್ನೂ ಹೇಳುವುದಿಲ್ಲ ಎಂದು ಸ್ಪಷ್ಟಪಡಿಸಿದೆ. ಆಮೇಲೆ ಕೇಳಿದೆ: ಬಾಗುವ ಕಡ್ಡಿಯ ಮಾದರಿಯಾದರೆ ಶಿಶ್ನ ಹಗಲೂ ರಾತ್ರಿ ಗಟ್ಟಿಯಾಗಿಯೇ ಇರುತ್ತದೆ, ಉಬ್ಬಿಸುವ ಮಾದರಿಯಾದರೆ ವೃಷಣಚೀಲದಲ್ಲಿ ಪಂಪು ಕೈಗೆ ಸಿಗುತ್ತದೆ, ಹೆಂಡತಿಯ ಕೈಗೆ ಅದು ಸಿಕ್ಕ ದಿನ ಹರ್ನಿಯಾದ ಕಥೆಯನ್ನು ಎಲ್ಲಿಂದ ಮುಂದುವರಿಸುತ್ತೀರಿ? ಅವರು ಬಹಳ ಹೊತ್ತು ಸುಮ್ಮನಿದ್ದರು. “ಅವಳು ಏನೂ ಕೇಳೋದೇ ಇಲ್ಲ ಮೇಡಂ, ಅದೇ ತೊಂದರೆ” ಎಂದರು. ಮೂರು ವರ್ಷದಿಂದ ಅವರು ಬೆನ್ನುನೋವಿನ ನೆಪ ಹೇಳಿ ಹಾಲಿನ ದಿವಾನದ ಮೇಲೆ ಮಲಗುತ್ತಿದ್ದರು. ಹೇಳಬೇಕಾದ ಮೊದಲ ವಾಕ್ಯವನ್ನು ನನ್ನೆದುರೇ ನಾಲ್ಕು ಸಲ ಹೇಳಿ ಅಭ್ಯಾಸ ಮಾಡಿದರು. ‘ಗಂಡಸ್ತನ’ ಎಂಬ ಪದವನ್ನು ಬಿಡಿಸಿ, ‘ಸಕ್ಕರೆ ಕಾಯಿಲೆಯಿಂದ ನನಗೆ ಹೀಗಾಗಿದೆ, ನಿನ್ನಿಂದಲ್ಲ’ ಎಂದು ಇಟ್ಟುಕೊಂಡೆವು.

ಹದಿನೈದು ದಿನಗಳ ನಂತರ ಇಬ್ಬರೂ ಬಂದರು. ಆಕೆಗೆ 49 ವರ್ಷ. ಗಂಡನಿಗೆ ಬೇರೆ ಸಂಬಂಧವಿದೆ ಎಂದುಕೊಂಡು ಆಕೆ ಈ ಮೂರು ವರ್ಷವನ್ನು ಕಳೆದಿದ್ದರು. ಮಗಳ ಮದುವೆಯಾಗುವವರೆಗೆ ಬಾಯಿ ಬಿಡುವುದಿಲ್ಲ ಎಂದು ನಿರ್ಧರಿಸಿದ್ದರಂತೆ. ವಿಷಯ ತಿಳಿದಾಗ ಸಮಾಧಾನಕ್ಕಿಂತ ಮೊದಲು ಆಕೆಗೆ ಬಂದದ್ದು ಸಿಟ್ಟು. “ಮಾಡಿಸ್ಕೊಳ್ಳಲಿ ಮೇಡಂ, ನಾನು ಬೇಡ ಅನ್ನಲ್ಲ. ನನಗೋಸ್ಕರ ಅಂತ ಮಾತ್ರ ಹೇಳಬಾರದು. ನನ್ನನ್ನ ಯಾರು ಕೇಳಿದ್ರು?” ಎಂದರು. ಆ ಪ್ರಶ್ನೆಗೆ ನಾನು ಅಡ್ಡ ಬರಲಿಲ್ಲ, ಉತ್ತರಿಸಬೇಕಿದ್ದವರು ಪಕ್ಕದಲ್ಲೇ ಕುಳಿತಿದ್ದರು.

ತಜ್ಞರಿಂದ ತರಿಸಿಕೊಂಡಿದ್ದ ಎರಡು ಮಾದರಿಗಳನ್ನು ಮೇಜಿನ ಮೇಲಿಟ್ಟೆ. ಬಾಗುವ ಕಡ್ಡಿಯನ್ನು ಆಕೆ ಎತ್ತಿಕೊಂಡು, ಟೇಬಲ್ ಲ್ಯಾಂಪಿನ ಕುತ್ತಿಗೆಯ ಹಾಗೆ ಬಗ್ಗಿಸಿದಲ್ಲೇ ನಿಲ್ಲುವುದನ್ನು ನೋಡಿದರು. ಮುಂಬೈನ ಡಾ. ರೂಪಿನ್ ಶಾ ರೂಪಿಸಿದ ದೇಶೀಯ ಕಡ್ಡಿ ಸೇರಿದಂತೆ ಈ ಬಗೆಯವು ಖರ್ಚಿನಲ್ಲಿ ಹಗುರ, ಕೆಡುವ ಭಾಗಗಳೂ ಕಡಿಮೆ. ಮೂರು ಭಾಗಗಳ ಉಬ್ಬಿಸುವ ಮಾದರಿಗೆ ಎಲ್ಲ ಸೇರಿ ಹಲವು ಲಕ್ಷ ಆಗುತ್ತದೆ: ಎರಡು ಸಿಲಿಂಡರ್, ಕೆಳಹೊಟ್ಟೆಯಲ್ಲಿ ಸಲೈನ್ ತುಂಬಿದ ಚೀಲ, ವೃಷಣಚೀಲದಲ್ಲಿ ಪಂಪು. ಬಿ.ಪಿ. ನೋಡುವ ಯಂತ್ರದ ರಬ್ಬರ್ ಗುಂಡಿನಂತೆ ಪಂಪನ್ನು ಹಲವು ಸಲ ಒತ್ತಿದರೆ ದ್ರವ ಸಿಲಿಂಡರಿಗೆ ಹೋಗುತ್ತದೆ, ಬಿಡುಗಡೆಯ ಗುಂಡಿ ಒತ್ತಿದರೆ ಹಿಂದಕ್ಕೆ ಬರುತ್ತದೆ.

ಕಣ್ಣು ಮುಚ್ಚಿಕೊಂಡು ಬಿಡುಗಡೆಯ ಗುಂಡಿ ಹುಡುಕಿ ಎಂದು ಗಂಡನಿಗೆ ಹೇಳಿದೆ. ಅವರ ಬೆರಳು ಅದರ ಮೇಲೆಯೇ ಎರಡು ಸಲ ಹಾದುಹೋಯಿತು, ಗೊತ್ತಾಗಲಿಲ್ಲ. ಸಕ್ಕರೆ ಕಾಯಿಲೆ ನರಗಳನ್ನೂ ಹಿಡಿದು ಬೆರಳ ತುದಿಗಳು ಜೋಮು ಹಿಡಿದಿದ್ದವು. ಆಕೆ ಎರಡನೆಯ ಪ್ರಯತ್ನಕ್ಕೇ ಒತ್ತಿ, “ಅಂಗಿ ಗುಂಡಿಗೆ ಕರೆದಂಗೆ ಇದಕ್ಕೂ ನನ್ನನ್ನೇ ಕರೀತೀರಿ ಬಿಡ್ರೀ” ಎಂದರು. ಮೂರು ಭೇಟಿಗಳಲ್ಲಿ ಆ ಕೋಣೆಯಲ್ಲಿ ಯಾರಾದರೂ ನಕ್ಕಿದ್ದು ಅದೇ ಮೊದಲು.

ಕೈ ಸ್ವಾಧೀನವಿಲ್ಲದವರಿಗೆ ಕಡ್ಡಿಯೇ ಸುಲಭ ಎಂಬುದು ವಾಡಿಕೆಯ ಸಲಹೆ. ಆದರೆ ಸ್ಪರ್ಶದ ಅರಿವು ಕುಂದಿದ ಕಡೆ ಸದಾ ಒತ್ತುತ್ತಿರುವ ಕಡ್ಡಿ, ನೋವಿನ ಮುನ್ಸೂಚನೆಯಿಲ್ಲದೆ ಚರ್ಮವನ್ನು ಕೊರೆದು ಹೊರಬರುವ ಅಪಾಯವೂ ಉಂಟು. ಪಂಪನ್ನು ಸಂಗಾತಿ ಒತ್ತಿದರೂ ಅದು ಕೆಲಸ ಮಾಡುತ್ತದೆ. ಯಾವುದು ಮೇಲು ಎಂದು ಹೇಳುವುದು ನನ್ನ ಕೆಲಸವಲ್ಲವಾದ್ದರಿಂದ ಈ ಎರಡೂ ಅಂಶಗಳನ್ನು ಬರೆದುಕೊಟ್ಟು, ಇಬ್ಬರೂ ಕೂಡಿ ತಜ್ಞರನ್ನು ಕೇಳುವಂತೆ ಕಳಿಸಿದೆ. ವಿಮೆ ಸಿಗುತ್ತದೆಯೋ ಇಲ್ಲವೋ ಎಂಬುದನ್ನು ಕಂಪನಿಯಿಂದ ಮೊದಲೇ ಬರಹದಲ್ಲಿ ಪಡೆಯಲು, ಮಗಳ ಮದುವೆಗೆಂದು ಇಟ್ಟ ಹಣಕ್ಕೆ ಕೈ ಹಾಕದಿರಲು ಹೇಳಿದೆ. ಆಕೆಗೆ ಪ್ರತ್ಯೇಕವಾಗಿ ಹೇಳಿದ್ದು ಬೇರೆ. ಮುಟ್ಟು ನಿಂತ ಮೇಲೆ ಯೋನಿ ಒಣಗುವುದು, ಕೂಡುವಾಗ ನೋವಾಗುವುದು ಸಾಮಾನ್ಯ. ಗಂಡನಿಗೆ ಲಕ್ಷಗಟ್ಟಲೆ ಖರ್ಚು ಮಾಡಿ ಇದನ್ನು ಮರೆತರೆ ಆ ಖರ್ಚು ಆಕೆಗೆ ನೋವನ್ನಷ್ಟೇ ತರುತ್ತದೆ. ಸ್ತ್ರೀರೋಗ ತಜ್ಞೆಯನ್ನು ಕಂಡು ಹಚ್ಚಿಕೊಳ್ಳುವ ಈಸ್ಟ್ರೋಜನ್ ಕ್ರೀಮಿನ ಬಗ್ಗೆ ವಿಚಾರಿಸಲು ಚೀಟಿ ಕೊಟ್ಟೆ. ಇಂಪ್ಲಾಂಟ್‌ಗೆಂದು ನನ್ನ ಬಳಿ ಬಂದ ಗಂಡಸರಲ್ಲಿ ಈ ಪ್ರಶ್ನೆಯನ್ನು ತಾವಾಗಿ ಎತ್ತಿದವರು ಒಬ್ಬರೂ ಇಲ್ಲ.

ಸಕ್ಕರೆ ಹತೋಟಿಗೆ ಬರುವವರೆಗೆ ತಜ್ಞರು ಕತ್ತಿ ಹಿಡಿಯಲಿಲ್ಲ. ಐದು ತಿಂಗಳಲ್ಲಿ 9.6 ಇದ್ದದ್ದು 7.5ಕ್ಕೆ ಇಳಿಯಿತು, ಅನ್ನದ ಅಳತೆ ನೋಡಿಕೊಂಡವರು ಆಕೆಯೇ. ಇಬ್ಬರೂ ಆರಿಸಿಕೊಂಡದ್ದು ಪಂಪಿನ ಮಾದರಿಯನ್ನು. ಶಸ್ತ್ರಚಿಕಿತ್ಸೆಯ ನಂತರ ಆರು ವಾರ ಬಳಸುವಂತಿರಲಿಲ್ಲ. ಆಮೇಲೆ ಆಸ್ಪತ್ರೆಯಲ್ಲಿ ಇಬ್ಬರಿಗೂ ಕಲಿಸಿದರು.

ಮೂರನೆಯ ತಿಂಗಳು ಅವರು ಬಂದಾಗ ದೂರಿನಿಂದಲೇ ಮಾತು ಶುರುವಾಯಿತು: ನಾನು ಮೂರು ಸಲ ಹೇಳಿದ್ದರೂ ಉದ್ದ ಕಡಿಮೆಯಾಗಿದೆ ಎಂಬ ಬೇಸರ ಅವರಿಗೆ ಹೋಗಿರಲಿಲ್ಲ. ಮೊದಲೆರಡು ಸಲ ಪಂಪು ಒತ್ತುವಾಗ ನಗು ತಡೆಯಲಾರದೆ ಅಲ್ಲಿಗೇ ಬಿಟ್ಟೆವು ಎಂದು ಆಕೆ ಹೇಳಿದರು. ಮದುವೆಯಾಗಿದ್ದ ಹಿರಿಯ ಮಗಳು ಹೆರಿಗೆಗೆ ಬರುವವಳಿದ್ದಳು, ಹಾಲಿನ ದಿವಾನ ಈಗ ಬೀಗಿತ್ತಿಗೆ ಬೇಕಾಗುತ್ತದೆ ಎಂದು ಇಬ್ಬರೂ ಅದರ ಹೊಸ ಹಾಸಿಗೆಯ ಬೆಲೆಯ ಬಗ್ಗೆ ನನ್ನೆದುರೇ ವಾದಕ್ಕಿಳಿದರು. ಮುಂದಿನ ಭೇಟಿಯನ್ನು ಆರು ತಿಂಗಳಿಗೆ ಬರೆದುಕೊಟ್ಟೆ.