ಕಂಪ್ಯೂಟರ್ ಕೈಕೊಡುತ್ತಿದೆ, ದೋಷ ಯಾವ ಸಾಧನದ್ದು?

ಪ್ರಶ್ನೆ: ಮಂಡ್ಯದಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿಯಿದೆ. ವಿಂಡೋಸ್ 11 ಇರುವ ಕಂಪ್ಯೂಟರಿಗೆ ಪ್ರಿಂಟರ್, ಸ್ಕ್ಯಾನರ್, ವೆಬ್‌ಕ್ಯಾಮ್, ಬೆರಳಚ್ಚು ಸಾಧನ ಹಾಗೂ ಗಿರಾಕಿಗಳ ಕಡತಗಳಿರುವ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಜೋಡಿಸಿದ್ದೇನೆ. ಕೊನೆಯ ಮೂರೂ ಒಂದೇ ಯುಎಸ್‌ಬಿ ಹಬ್‌ನಲ್ಲಿವೆ. ಎರಡು ಮೂರು ದಿನಕ್ಕೊಮ್ಮೆ ಕೆಲಸದ ನಡುವೆ ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ರಿಪೇರಿಯವರು ಎರಡು ಸಲ ಫಾರ್ಮ್ಯಾಟ್ ಮಾಡಿದರೂ ಗುಣವಾಗಿಲ್ಲ. ಎಲ್ಲವನ್ನೂ ಕಳಚಿ ಒಂದು ಗಂಟೆ ನೋಡಿದಾಗ ತೊಂದರೆ ಬರಲಿಲ್ಲ. ಹಾಗಾದರೆ ದೋಷ ಈ ಸಾಧನಗಳದ್ದೇ ಎಂದು ತಿಳಿಯಬಹುದೇ?

ಉತ್ತರ: ಇನ್ನೂ ತಿಳಿಯಲಾಗದು. ಮೂರು ದಿನಕ್ಕೊಮ್ಮೆ ಬರುವ ಜ್ವರ ಬಿಟ್ಟಿತೋ ಇಲ್ಲವೋ ಎಂಬುದನ್ನು ಒಂದು ಗಂಟೆಯಲ್ಲಿ ಹೇಳಲು ಯಾವ ವೈದ್ಯರಿಂದಲೂ ಆಗುವುದಿಲ್ಲ. ತೊಂದರೆ ಬರುವ ಅಂತರದ ಎರಡು ಮೂರು ಪಟ್ಟು ಕಾಲ, ಎಂದರೆ ನಿಮ್ಮ ವಿಷಯದಲ್ಲಿ ಏಳೆಂಟು ದಿನ, ಅದು ಬಾರದೇ ಇದ್ದರೆ ಮಾತ್ರ ಆ ಪರೀಕ್ಷೆಗೆ ಬೆಲೆ.

ಅದಕ್ಕೂ ಮೊದಲು, ಕಡತಗಳಿಗೆ ಬೇರೊಂದು ಕಡೆ ಪ್ರತಿ ಮಾಡಿಟ್ಟುಕೊಂಡು, ಒಂದು ಸಣ್ಣ ಬದಲಾವಣೆ ಮಾಡಿ. ಸಿಸ್ಟಮ್ ಪ್ರಾಪರ್ಟೀಸ್‌ನ ‘ಅಡ್ವಾನ್ಸ್ಡ್’ ಪುಟದಲ್ಲಿ ‘ಸ್ಟಾರ್ಟಪ್ ಅಂಡ್ ರಿಕವರಿ’ಯನ್ನು ತೆರೆದು, ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎಂಬುದರ ಮುಂದಿನ ಗುರುತನ್ನು ತೆಗೆಯಿರಿ. ವಿಂಡೋಸ್ ತಾನೇ ದೋಷ ಕಂಡು ನಿಂತದ್ದಾದರೆ ಇನ್ನು ಮುಂದೆ ನೀಲಿ ಪರದೆ (ಇತ್ತೀಚಿನ ಆವೃತ್ತಿಗಳಲ್ಲಿ ಕಪ್ಪು) ಹಾಗೆಯೇ ಉಳಿಯುತ್ತದೆ. ಅದರ ಮೇಲಿನ ಸಂಕೇತವನ್ನೂ, ‘.ಸಿಸ್’ (.sys) ಎಂದು ಕೊನೆಯಾಗುವ ಕಡತದ ಹೆಸರು ಕಂಡರೆ ಅದನ್ನೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಆ ಕಡತ ಸಾಮಾನ್ಯವಾಗಿ ಯಾವುದೋ ಸಾಧನದ ಡ್ರೈವರ್ (ಆ ಸಾಧನವನ್ನು ವಿಂಡೋಸ್ ಜೊತೆ ಮಾತಾಡಿಸುವ ತಂತ್ರಾಂಶ) ಆಗಿರುತ್ತದೆ, ಆದರೆ ಅಲ್ಲಿ ಹೆಸರು ಬಂದ ಮಾತ್ರಕ್ಕೆ ಅದೇ ಅಪರಾಧಿಯೆಂದು ತೀರ್ಮಾನಿಸಬೇಡಿ. ಯಾವ ಪರದೆಯೂ ಬಾರದೆ ಯಂತ್ರ ಥಟ್ಟನೆ ಆರಿ ಮತ್ತೆ ಹೊತ್ತಿಕೊಂಡರೆ ವಿದ್ಯುತ್ತಿನ ಕಡೆ ಮೊದಲು ನೋಡಬೇಕು: ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗೆ ವಿದ್ಯುತ್ ಹಂಚುವ ಪೆಟ್ಟಿಗೆ), ಸಡಿಲವಾದ ಪವರ್ ಕೇಬಲ್, ಹಳೆಯದಾದ ಯುಪಿಎಸ್ ಬ್ಯಾಟರಿ. ವಿಂಡೋಸ್ ತನ್ನ ಆಗುಹೋಗುಗಳನ್ನು ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್ ಪವರ್ 41’ ಎಂಬ ದಾಖಲೆ ಕಂಡು ಗಾಬರಿಯಾಗಬೇಡಿ. ಯಂತ್ರ ಸರಿಯಾಗಿ ಮುಚ್ಚದೆ ನಿಂತಿತು ಎಂದಷ್ಟೇ ಅದರ ಅರ್ಥ, ಕಾರಣವನ್ನು ಅದು ಹೇಳುವುದಿಲ್ಲ.

ನನಗೆ ಮೊದಲು ಅನುಮಾನ ಬರುವುದು ನಿಮ್ಮ ಹಬ್ ಮೇಲೆ. ಯುಎಸ್‌ಬಿ 2.0 ಪೋರ್ಟು ಕೊಡಬೇಕಾದದ್ದು 5 ವೋಲ್ಟ್‌ನಲ್ಲಿ 500 ಮಿಲಿಆಂಪಿಯರ್, ಯುಎಸ್‌ಬಿ 3.0 ಆದರೆ 900. ಸ್ವಂತ ಅಡಾಪ್ಟರ್ ಇಲ್ಲದ ಹಬ್ ಆ ಒಂದು ಪಾಲನ್ನೇ ತನಗೂ ತನ್ನಲ್ಲಿ ಸಿಕ್ಕಿಸಿದ ಎಲ್ಲಕ್ಕೂ ಹಂಚಬೇಕು. ಪ್ರಿಂಟರ್ ತನ್ನ ವಿದ್ಯುತ್ತನ್ನು ಗೋಡೆಯ ಪ್ಲಗ್‌ನಿಂದ ಪಡೆಯುವುದರಿಂದ ಈ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಒಳಗೆ ತಿರುಗುವ ತಟ್ಟೆಯಿರುವ ಹಾರ್ಡ್ ಡಿಸ್ಕ್ ಶುರುವಾಗುವ ಗಳಿಗೆಯಲ್ಲಿ ಬಹಳಷ್ಟನ್ನು ಎಳೆಯುತ್ತದೆ. ಆಗ ವೋಲ್ಟೇಜು ಕುಸಿದು ಡಿಸ್ಕ್ ಸಂಪರ್ಕ ಕಡಿದುಕೊಂಡು ಮತ್ತೆ ಸೇರುತ್ತದೆ, ಅದನ್ನು ಸಹಿಸದ ಡ್ರೈವರ್ ಇಡೀ ವ್ಯವಸ್ಥೆಯನ್ನೇ ಬೀಳಿಸಬಹುದು. ಫಾರ್ಮ್ಯಾಟ್ ಮಾಡಿದರೂ ಗುಣವಾಗದ್ದಕ್ಕೆ ಈ ಕಾರಣ ಹೊಂದುತ್ತದೆ.

ಅಂಗಡಿಯ ಸಂಪಾದನೆ ನಿಲ್ಲಬಾರದಾದ್ದರಿಂದ ಎಲ್ಲವನ್ನೂ ಕಳಚಬೇಡಿ. ಪ್ರಿಂಟರ್, ಸ್ಕ್ಯಾನರ್ ಇರಲಿ, ಹಬ್ ಮತ್ತು ಅದರ ಮೂರು ಸಾಧನಗಳನ್ನು ಮಾತ್ರ ಏಳೆಂಟು ದಿನ ಬಿಡಿಸಿಡಿ. ಆಧಾರ್ ಗಿರಾಕಿ ಬಂದಾಗ ಬೆರಳಚ್ಚು ಸಾಧನವನ್ನು ಹಿಂಭಾಗದ ಪೋರ್ಟಿಗೆ ನೇರವಾಗಿ ಸಿಕ್ಕಿಸಿ, ಕೆಲಸ ಮುಗಿದೊಡನೆ ತೆಗೆಯಿರಿ. ಬೀಳುವುದು ಅದೇ ಹೊತ್ತಿನಲ್ಲಾದರೆ ಬರೆದಿಟ್ಟುಕೊಳ್ಳಿ. ತೊಂದರೆ ನಿಂತರೆ ಹಾರ್ಡ್ ಡಿಸ್ಕನ್ನು ಹಬ್ ಇಲ್ಲದೆ ಹಿಂಭಾಗದ ಪೋರ್ಟಿನಲ್ಲಿಟ್ಟು ಮತ್ತೊಂದು ವಾರ ನೋಡಿ, ಆಮೇಲೆ ವೆಬ್‌ಕ್ಯಾಮ್, ಕೊನೆಗೆ ಹಬ್. ಪ್ರತಿ ಬದಲಾವಣೆಯ ನಂತರ ‘ಶಟ್‌ಡೌನ್’ ಅಲ್ಲ, ‘ರೀಸ್ಟಾರ್ಟ್’ ಒತ್ತಿ. ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದಾಗ ಶಟ್‌ಡೌನ್ ಮಾಡಿದರೂ ವಿಂಡೋಸ್ ಡ್ರೈವರ್‌ಗಳ ಹಳೆಯ ಸ್ಥಿತಿಯನ್ನೇ ಮತ್ತೆ ಎತ್ತಿಕೊಳ್ಳುತ್ತದೆ. ಹಬ್ ಸೇರಿಸಿದಾಗಲೇ ಬಿದ್ದರೆ ಅಡಾಪ್ಟರ್ ಇರುವ ಹಬ್ ಕೊಳ್ಳಿ. ಮೂರೂ ಇಲ್ಲದಿದ್ದಾಗಲೂ ಬಿದ್ದರೆ ಪ್ರಿಂಟರ್, ಸ್ಕ್ಯಾನರ್‌ಗಳನ್ನು ಒಂದೊಂದಾಗಿ ಕಳಚಿ ನೋಡಿ. ಆಗಲೂ ನಿಲ್ಲದಿದ್ದರೆ ಸಾಧನಗಳನ್ನು ಬಿಟ್ಟು ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ನಿಂದ ರ‍್ಯಾಮ್ ಪರೀಕ್ಷಿಸಿ.

ಪ್ರಶ್ನೆ: ಪೆನ್‌ಡ್ರೈವ್ ಸಿಕ್ಕಿಸಿಟ್ಟು ಆನ್ ಮಾಡಿದರೆ ನನ್ನ ಕಂಪ್ಯೂಟರ್ ಕಪ್ಪು ಪರದೆಯಲ್ಲೇ ನಿಲ್ಲುತ್ತದೆ, ತೆಗೆದರೆ ಸರಿಹೋಗುತ್ತದೆ. ಇದೂ ಕ್ರ್ಯಾಶೇ? (ಕುವೆಂಪುನಗರ, ಮೈಸೂರು)

ಉತ್ತರ: ಬಹುಪಾಲು ಅಲ್ಲ. ಕಂಪ್ಯೂಟರ್ ವಿಂಡೋಸನ್ನು ಪೆನ್‌ಡ್ರೈವಿನಲ್ಲಿ ಹುಡುಕುತ್ತಾ ನಿಂತಿರುತ್ತದೆ. ಬಯಾಸ್‌ನ (ಆನ್ ಮಾಡಿದೊಡನೆ ವಿಂಡೋಸ್‌ಗೂ ಮೊದಲು ಓಡುವ ತಂತ್ರಾಂಶದ) ಬೂಟ್ ಕ್ರಮದಲ್ಲಿ ಒಳಗಿನ ಡಿಸ್ಕನ್ನು ಮೊದಲಿಗೆ ತನ್ನಿ.