ಮಾರೋ ಕುರ್ಚಿ ಮ್ಯಾಲೆ ಕುಂತು ಉಣ್ಣೂದು ಹ್ಯಾಂಗ್ರಿ?

ಗದಗದಿಂದ ಓದುಗರೊಬ್ಬರು ಬರೆದಿದ್ದಾರೆ. ಅಪ್ಪ–ಅವ್ವನ ಮದುವೆಗೆ ನಲವತ್ತು ವರ್ಷ ತುಂಬುವ ದಿನ ಮನೆಯ ಆರೂ ಮಂದಿ ಹುಬ್ಬಳ್ಳಿಗೆ ಬಂದು, ಫರ್ನಿಚರ್ ಶೋರೂಮಿನೊಳಗಿನ ದುಬಾರಿ ರೆಸ್ಟೋರೆಂಟೊಂದರಲ್ಲಿ ರಾತ್ರಿ ಊಟ ಮಾಡುವ ವಿಚಾರ ಅವರದು. ಪತ್ರದ ಮುಖ್ಯ ಭಾಗ ಅವರ ಮಾತಿನಲ್ಲೇ: “ಅಲ್ಲೆ ಕೂಡೂ ಕುರ್ಚಿ, ಟೇಬಲ್ಲು, ದೀಪ ಎಲ್ಲಾ ಮಾರಾಟಕ್ಕ ಇರ್ತಾವಂತ, ಬೆಲೆ ಚೀಟಿನೂ ಹಚ್ಚಿರ್ತಾರಂತ. ಸಾರು ಚೆಲ್ಲಿದ್ರ ಆ ಕುರ್ಚಿ ನಾವ ಕೊಳ್ಳಬೇಕೇನ್ರಿ? ಅವ್ವಗ ಮೊಣಕಾಲು ನೋವು, ತೆಗ್ಗಿನ ಸೋಫಾದಾಗ ಕುಂತ್ರ ಏಳಾಕ ಬರೂದಿಲ್ಲ. ಬಿಲ್ ಎಷ್ಟರ ಆಗ್ತದೋ ಏನೋ. ಮತ್ತ ನಮಗೂ ಒಂದು ಡೈನಿಂಗ್ ಟೇಬಲ್ ಬೇಕಾಗೇದ. ಅಲ್ಲೇ ಉಂಡು ನೋಡಿ ಅದನ್ನ ಕೊಂಡ್ರ ಹ್ಯಾಂಗ?”

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಕೊಳ್ಳುವ ಮನಸ್ಸಿದ್ದರೆ ಆ ಊಟದಷ್ಟು ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ಯಾವ ಕುರ್ಚಿಯಾದರೂ ಎರಡು ನಿಮಿಷ ಸುಖವಾಗಿಯೇ ಇರುತ್ತದೆ. ಅದರ ಮೇಲೆ ಒಂದೂವರೆ ತಾಸು ಕೂತು ಉಂಡಾಗ ಬೆನ್ನು, ತೊಡೆ, ಮೊಣಕೈ ಮೂರೂ ತಮ್ಮ ತಮ್ಮ ತಕರಾರು ಹೇಳತೊಡಗುತ್ತವೆ. ಇನ್ನೊಂದು ಲಾಭವೂ ಇದೆ. ಮಾರಾಟದ ಸಾಲಿನಲ್ಲಿ ನಿಂತ ಕುರ್ಚಿ ಹೊಸದು. ಊಟದ ಸಾಲಿನದು ದಿನಾ ಮಂದಿ ಎಳೆದು, ತಳ್ಳಿ, ಕೂತು ಎದ್ದದ್ದು. ನಾಲ್ಕಾರು ವರ್ಷಗಳ ನಂತರ ನಿಮ್ಮ ಮನೆಯಲ್ಲಿ ಅದರ ಗತಿ ಏನಾಗುತ್ತದೆ ಎಂಬುದನ್ನು ಈಗಲೇ ಕಣ್ಣಾರೆ ನೋಡಬಹುದು. ಒಂದು ಮಾತು ಮಾತ್ರ ಮೊದಲೇ ಕೇಳಿಕೊಳ್ಳಿ: “ಊಟಕ್ಕೆ ಹಾಕಿದ ಕುರ್ಚಿ, ಮಾರುವ ಕುರ್ಚಿ ಎರಡೂ ಒಂದೇನಾ?” ಎಷ್ಟೋ ಕಡೆ ಆಕಾರ ಒಂದೇ ಇದ್ದರೂ ಹೋಟೆಲಿನದಕ್ಕೆ ಗಟ್ಟಿ ಬಟ್ಟೆ, ದಪ್ಪ ಫೋಮ್ ಹಾಕಿಸಿರುತ್ತಾರೆ. ಹಾಗಿದ್ದರೆ ನೀವು ಮಾಡಿದ ಪರೀಕ್ಷೆ ಬೇರೆ ಕುರ್ಚಿಯದಾಗುತ್ತದೆ.

ಇಂಥ ಜಾಗಗಳಲ್ಲಿ ಎರಡು ಜಾತಿ. ಫರ್ನಿಚರ್ ಮಾರುವ ಐಕಿಯಾ ಕಂಪನಿ 1960ರಲ್ಲೇ ಸ್ವೀಡನ್ನಿನ ತನ್ನ ಮೂಲ ಅಂಗಡಿಯಲ್ಲಿ ಊಟದ ಮನೆ ತೆರೆಯಿತು. ಹಸಿದ ಗಿರಾಕಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ ಎಂಬುದು ಅದರ ಹಿಂದಿನ ಲೆಕ್ಕ. 2018ರಲ್ಲಿ ಹೈದರಾಬಾದಿನಲ್ಲಿ, 2022ರಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ತೆರೆದ ಮಳಿಗೆಗಳಲ್ಲೂ ಅದೇ ಪದ್ಧತಿ: ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕು, ಬೆಲೆ ಕೈಗೆಟುಕುವಂತಿರುತ್ತದೆ. ಇನ್ನೊಂದು ಜಾತಿ ಅಮೆರಿಕದ ಆರ್‌ಎಚ್ ಎಂಬ ದುಬಾರಿ ಫರ್ನಿಚರ್ ಕಂಪನಿಯದು. ಷಿಕಾಗೊದ ನೂರು ವರ್ಷದಷ್ಟು ಹಳೆಯ ಕಟ್ಟಡವೊಂದರಲ್ಲಿ 2015ರಲ್ಲಿ ಶೋರೂಮ್ ತೆರೆದಾಗ, ಅದರ ನಡುವಿನ ಅಂಗಳಕ್ಕೆ ಗಾಜಿನ ಮಾಡು ಹೊದಿಸಿ, ಗೊಂಚಲು ದೀಪ ತೂಗುಹಾಕಿ, ತನ್ನದೇ ಸೋಫಾ–ಟೇಬಲ್ ಇಟ್ಟು ಊಟ ಬಡಿಸತೊಡಗಿತು. ಅಲ್ಲಿ ಊಟವೂ ದುಬಾರಿ, ಸೋಫಾವೂ ದುಬಾರಿ. ನೀವು ಹೋಗಬೇಕೆಂದಿರುವುದು ಈ ಎರಡನೆಯ ಜಾತಿಯದು. ಇಲ್ಲಿ ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಜಾಗಕ್ಕೆ, ಬೆಳಕಿಗೆ, ಮೆತ್ತನೆಯ ಆಸನಕ್ಕೆ ಹೋಗುತ್ತದೆ. ಆ ದುಡ್ಡು ವಸೂಲಾಗಬೇಕಾದರೆ ಅವಸರ ಮಾಡದೆ ಕೂತು ಬರಬೇಕು.

ಈಗ ಅವ್ವನ ಮೊಣಕಾಲಿನ ಮಾತು. ಮೇಜು ಕಾದಿರಿಸಲು ಫೋನ್ ಮಾಡಿದಾಗಲೇ “ಸೋಫಾ ಬೇಡ, ಕೈಯಿರುವ ಊಟದ ಕುರ್ಚಿ ಬೇಕು” ಎಂದು ಹೇಳಿ. ಸೋಫಾದ ಆಸನ ನೆಲದಿಂದ 15ರಿಂದ 17 ಇಂಚು ಎತ್ತರ ಇರುತ್ತದೆ, ಕೂತ ಮೇಲೆ ಇನ್ನೂ ಎರಡು ಇಂಚು ಕುಸಿಯುತ್ತದೆ. ಮೊಣಕಾಲು ಸೊಂಟಕ್ಕಿಂತ ಮೇಲೆ ಬಂದರೆ ಏಳುವಾಗ ಮೈಭಾರವೆಲ್ಲ ಮೊಣಕಾಲಿನ ಮೇಲೆಯೇ ಬೀಳುತ್ತದೆ. ಸೋಫಾ ಮುಂದಿನ ಟೇಬಲ್ಲೂ 16–18 ಇಂಚಿನದೇ. ತಟ್ಟೆಯಿಂದ ಬಾಯಿಗೆ ಅಷ್ಟು ದೂರ ತುತ್ತು ತರುವುದರಲ್ಲಿ ಹಾದಿಯ ಮೇಲೆ ಪಲ್ಯ ಸೀರೆಗೆ ಬಿದ್ದಿರುತ್ತದೆ. ಊಟದ ಕುರ್ಚಿಯ ಆಸನ 17–18 ಇಂಚು, ಟೇಬಲ್ 29–30 ಇಂಚು, ಎರಡರ ನಡುವೆ 10ರಿಂದ 12 ಇಂಚು ಅಂತರ ಇದ್ದರೆ ಸರಿ. ಅಂತರ ಕಡಿಮೆಯಾದರೆ ತೊಡೆ ಟೇಬಲ್ಲಿನ ಅಡಿಪಟ್ಟಿಗೆ ತಾಗುತ್ತದೆ, ಹೆಚ್ಚಾದರೆ ಭುಜ ಎತ್ತಿ ಉಣ್ಣಬೇಕಾಗುತ್ತದೆ. ಆಸನದ ಆಳವನ್ನೂ ನೋಡಿ. 16–18 ಇಂಚು ಆಳ ಊಟಕ್ಕೆ ಸಾಕು. 20 ದಾಟಿದರೆ ಗಿಡ್ಡ ಮೈಕಟ್ಟಿನವರು ಬೆನ್ನು ಆನಿಸಿದರೆ ಪಾದ ನೆಲಕ್ಕೆ ಮುಟ್ಟುವುದಿಲ್ಲ, ಪಾದ ಊರಿದರೆ ಬೆನ್ನಿಗೆ ಆಸರೆ ಸಿಗುವುದಿಲ್ಲ. ಶೋಕಿನ ಕುರ್ಚಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ ಇದೇ.

ಅದೇ ಫೋನಿನಲ್ಲಿ ಇನ್ನೂ ಮೂರು ಮಾತು ಕೇಳಿಬಿಡಿ. ಊಟದ ಮಹಡಿಗೆ ಲಿಫ್ಟ್ ಇದೆಯೇ, ಶೋರೂಮ್ ಬಾಗಿಲು ಹಾಕಿದ ಮೇಲೂ ಅದು ಓಡುತ್ತದೆಯೇ? ಅಡುಗೆಮನೆ ರಾತ್ರಿ ಎಷ್ಟು ಗಂಟೆಗೆ ಶುರು? ಎಂಟಕ್ಕೆ ಉಂಡು ರೂಢಿಯಿರುವ ಹಿರಿಯರನ್ನು ಒಂಬತ್ತೂವರೆವರೆಗೆ ಸೂಪಿನ ಮೇಲೆ ಕೂಡಿಸಿದರೆ ಸಂಭ್ರಮ ಉಳಿಯುವುದಿಲ್ಲ. ಮೂರನೆಯದು, ಊಟಕ್ಕೆ ಮೊದಲು ಶೋರೂಮ್ ನೋಡಲು ಬಿಡುತ್ತಾರೆಯೇ? ಬಿಟ್ಟರೆ ಸಂಜೆ ಬೆಳಕಿರುವಾಗಲೇ ಹೋಗಿ. ಕಾರಣ ಮುಂದೆ ಹೇಳುತ್ತೇವೆ.

ತಿನಿಸಿನ ಬಗ್ಗೆ ಬಹಳ ಹೇಳುವುದಿಲ್ಲ. ಪಾಸ್ತಾ, ಸಲಾಡ್, ಸುಟ್ಟ ಪನೀರ್, ತಟ್ಟೆ ದೊಡ್ಡದು, ಬಡಿಸಿದ್ದು ಸಣ್ಣದು. ಕರಿದದ್ದು ಕಡಿಮೆ ಇದ್ದರೆ ಆಶ್ಚರ್ಯ ಬೇಡ: ಎಣ್ಣೆಯ ಆವಿ ಪರದೆ, ಗಾದಿಗಳಿಗೆ ಹಿಡಿದರೆ ಲಕ್ಷ ರೂಪಾಯಿಯ ಸೋಫಾ ಮಿರ್ಚಿ ಭಜಿಯ ವಾಸನೆ ಹೊಡೆಯುತ್ತದೆ, ಅದನ್ನು ಯಾರು ಕೊಳ್ಳುತ್ತಾರೆ? ರೊಟ್ಟಿ, ಎಣ್ಣೆಗಾಯಿ ಇಲ್ಲದೆ ಅಪ್ಪನಿಗೆ ಊಟ ಆದಂತೆಯೇ ಆಗುವುದಿಲ್ಲ ಎಂದಾದರೆ ಮಧ್ಯಾಹ್ನ ಖಾನಾವಳಿ ಊಟ ಮುಗಿಸಿ, ಸಂಜೆ ಇಲ್ಲಿ ಕಾಫಿ–ಸಿಹಿಗೆ ಹೋಗಿ. ಖರ್ಚೂ ಅರ್ಧಕ್ಕೆ ಇಳಿಯುತ್ತದೆ. ಆದರೆ ಒಂದು ಗುಣ ಒಪ್ಪಲೇಬೇಕು. ಟೈಲ್ಸ್ ನೆಲದ ಹೋಟೆಲುಗಳ ಗದ್ದಲ ಅಲ್ಲಿರುವುದಿಲ್ಲ. ಗಾದಿ, ಜಮಖಾನ, ಪರದೆ ಎಲ್ಲ ಸೇರಿ ಸದ್ದನ್ನು ಹೀರುತ್ತವೆ. ಕಿವಿ ಮಂದವಾದ ಹಿರಿಯರಿಗೂ ಎದುರಿನವರ ಮಾತು ಕೇಳಿಸುತ್ತದೆ.

ಚೆಲ್ಲಿದರೆ? ಊಟಕ್ಕೆಂದು ಅವರೇ ಕೂಡಿಸಿದ ಕುರ್ಚಿಯ ಮೇಲೆ ಕೈತಪ್ಪಿ ಬಿದ್ದ ಸಾರಿಗೆ ಕುರ್ಚಿಯ ಬೆಲೆ ಕೇಳುವುದು ನ್ಯಾಯವಲ್ಲ. ಅದು ಹೋಟೆಲ್ ವಹಿವಾಟಿನಲ್ಲಿ ಬರುವ ಖರ್ಚು. ಬೆಲೆ ಚೀಟಿ ಹಚ್ಚಿದ ಮಾತ್ರಕ್ಕೆ ನೀವು ಗಿರಾಕಿಯಾಗುವುದಿಲ್ಲ. ಆದರೆ ಐಸ್‌ಕ್ರೀಮ್ ಬಟ್ಟಲು ಹಿಡಿದುಕೊಂಡು ಪಕ್ಕದ ಮಾರಾಟದ ಸೋಫಾದ ಮೇಲೆ ಹೋಗಿ ಕೂತರೆ ಮಾತು ಬೇರೆ. ಮಕ್ಕಳಿಗೆ ಇದನ್ನು ಒಳಗೆ ಕಾಲಿಡುವ ಮೊದಲೇ ಹೇಳಿ.

ಚೆಲ್ಲಿದ ಕೂಡಲೇ ವೇಟರನ್ನು ಕರೆಯಿರಿ, ಮುಚ್ಚಿಡಬೇಡಿ. ಅವರು ಬರುವಷ್ಟರಲ್ಲಿ ಗಟ್ಟಿ ಪದಾರ್ಥವನ್ನು ಚಮಚದಿಂದ ಎತ್ತಿ, ಒಣ ಟಿಶ್ಯೂ ಒತ್ತಿ ಹಿಡಿಯಿರಿ. ತಿಕ್ಕಿದರೆ ಎಣ್ಣೆ ಎಳೆಯೊಳಗೆ ಇಳಿಯುತ್ತದೆ. ಸೋಪಂತೂ ಬೇಡವೇ ಬೇಡ: ಅರಿಶಿನದ ಬಣ್ಣ ಕ್ಷಾರ ತಾಗಿದ ತಕ್ಷಣ ಕೆಂಪಗಾಗಿ ಕಲೆ ಎದ್ದು ಕಾಣುತ್ತದೆ. ಮನೆಯಲ್ಲಾದರೆ ಅರಿಶಿನದ ಕಲೆಗೆ ಬಿಸಿಲೇ ಮದ್ದು, ಒಗೆದು ಎರಡು ಮೂರು ದಿನ ಬಿಸಿಲಿಗೆ ಹಾಕಿದರೆ ಬಿಳಚುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಹಟಮಾರಿ. ಆ ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದು, ಬರೀ ನೀರಿಗೆ ಜಗ್ಗುವುದಿಲ್ಲ. ಮೊದಲು ಎಣ್ಣೆಯ ಜಿಡ್ಡು ತೆಗೆಯಬೇಕು. ತಿಳಿಬಣ್ಣದ ಬಟ್ಟೆಯ ಕುರ್ಚಿ ನಮ್ಮ ಕಡೆಯ ಅಡುಗೆಗೆ ಒಗ್ಗದು ಎಂಬುದು ನಮ್ಮ ಖಚಿತ ಅಭಿಪ್ರಾಯ, ಮಾರುವವರು “ಕಲೆ ಹಿಡಿಯೂದಿಲ್ಲ” ಎಂದು ಎಷ್ಟು ಆಣೆ ಮಾಡಿದರೂ.

ಉಣ್ಣುತ್ತಲೇ ಟೇಬಲ್ಲನ್ನು ನೋಡುವ ಬಗೆ ಹೀಗೆ. ಅಮೃತಶಿಲೆಯದಾದರೆ ತಲೆ ತಗ್ಗಿಸಿ ಓರೆಗಣ್ಣಿನಿಂದ ದೀಪದ ಪ್ರತಿಬಿಂಬದತ್ತ ನೋಡಿ. ಹೊಳಪಿನ ನಡುವೆ ಮಸಕಾದ ಉಂಗುರಗಳು ಕಂಡರೆ ಅವು ಲಿಂಬೆ, ಹುಣಸೆ, ಮೊಸರು ಕಲ್ಲನ್ನೇ ತಿಂದ ಗುರುತು. ಅಮೃತಶಿಲೆ ಸುಣ್ಣದ ಕಲ್ಲಿನ ಕುಲದ್ದು, ಹುಳಿ ತಾಗಿದರೆ ಮೇಲ್ಮೈ ಸವೆಯುತ್ತದೆ. ಒರೆಸಿದರೆ ಹೋಗುವುದಿಲ್ಲ, ಮತ್ತೆ ಪಾಲಿಶ್ ಮಾಡಿಸಬೇಕು. ದಿನಾ ಲಿಂಬೆಹಣ್ಣು ಹಿಂಡುವ ಮನೆಗೆ ಗ್ರಾನೈಟ್ ಲೇಸು, ಇಳಕಲ್ಲಿನ ಕೆಂಪು ಕಲ್ಲು ಹತ್ತಿರದಲ್ಲೇ ಸಿಗುತ್ತದೆ. ಕಟ್ಟಿಗೆಯ ಟೇಬಲ್ಲಾದರೆ ಪಾಲಿಶ್ ಯಾವುದೆಂದು ಕೇಳಿ. ಅರಗಿನಿಂದ ಮಾಡಿದ ಫ್ರೆಂಚ್ ಪಾಲಿಶ್ ನೋಡಲು ಬಹಳ ಚೆಂದ. ಆದರೆ ಬಿಸಿ ಪಾತ್ರೆ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ. ಅರಗು ಸ್ಪಿರಿಟ್ಟಿನಲ್ಲಿ ಕರಗುವುದರಿಂದ ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್ ಹನಿ ಬಿದ್ದರೂ ಸಾಕು, ಗುರುತು ಉಳಿಯುತ್ತದೆ. ಊಟದ ಟೇಬಲ್ಲಿಗೆ ಪಿಯು, ಅಂದರೆ ಪಾಲಿಯುರೆಥೇನ್ ಪಾಲಿಶ್ಶೇ ವಾಸಿ.

ಟೇಬಲ್ಲಿನ ಅಂಚಿನ ಕೆಳಗೆ ಬೆರಳು ಆಡಿಸಿ. ಇಡೀ ಕಟ್ಟಿಗೆಯಾದರೆ ಮೇಲಿನ ಗೆರೆಗಳು ಅಂಚು ದಾಟಿ ಕೊನೆಯವರೆಗೂ ಮುಂದುವರಿಯುತ್ತವೆ. ಎಂಡಿಎಫ್ (ಕಟ್ಟಿಗೆಯ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ) ಮೇಲೆ ತೆಳ್ಳಗಿನ ಹಾಳೆ ಅಂಟಿಸಿದ್ದಾದರೆ ಅಂಚಿನಲ್ಲಿ ಕೂಡುಗೆರೆ ಬೆರಳಿಗೆ ಸಿಗುತ್ತದೆ. ನೀರು ಇಳಿದ ಕಡೆ ಎಂಡಿಎಫ್ ಉಬ್ಬಿ ದಪ್ಪಗಾಗಿರುತ್ತದೆ, ಒಮ್ಮೆ ಉಬ್ಬಿದ್ದು ಒಣಗಿದ ಮೇಲೂ ಇಳಿಯದು. ಎದ್ದು ಹೊರಡುವಾಗ ಕುರ್ಚಿಯ ಬೆನ್ನು ಹಿಡಿದು ಮೂಲೆಯಿಂದ ಮೂಲೆಗೆ ಮೆಲ್ಲಗೆ ಅಲುಗಾಡಿಸಿ. ಕಿರ್ ಎಂದರೆ ಕೀಲು ಸಡಿಲಿದೆ. ಎದ್ದ ಮೇಲೂ ಆಸನದ ನಡುವೆ ತಗ್ಗು ಹಾಗೇ ಉಳಿದರೆ ಫೋಮ್ ಸತ್ತಿದೆ. ಕೊಳ್ಳುವುದಾದರೆ 32 ಡೆನ್ಸಿಟಿ (ಒಂದು ಘನ ಮೀಟರಿಗೆ ಇಷ್ಟು ಕಿಲೋ ತೂಕ) ಫೋಮಿಗಿಂತ ಕಡಿಮೆಯದು ಬೇಡ, 40 ಸಿಕ್ಕರೆ ಒಳ್ಳೆಯದು.

ಸಂಜೆ ಬೆಳಕಿರುವಾಗ ಹೋಗಿ ಅಂದದ್ದು ಬಣ್ಣದ ಸಲುವಾಗಿ. ರೆಸ್ಟೋರೆಂಟಿನ ದೀಪ ಸಾಮಾನ್ಯವಾಗಿ 2700 ಕೆಲ್ವಿನ್ನಿನ (ಕೆಲ್ವಿನ್ ಬೆಳಕಿನ ಬಣ್ಣದ ಅಳತೆ) ಹಳದಿ ಬೆಳಕು. ಅದರಡಿ ಸಾಧಾರಣ ಕಟ್ಟಿಗೆಯೂ ಜೇನುತುಪ್ಪದಂತೆ ಹೊಳೆಯುತ್ತದೆ. ನಿಮ್ಮ ಮನೆಯ 6500 ಕೆಲ್ವಿನ್ ಟ್ಯೂಬ್‌ಲೈಟಿನ ಕೆಳಗೆ ಅದೇ ಟೇಬಲ್ ಬೂದು ಬಡಿದಂತೆ ಕಂಡೀತು. ಮಾದರಿ ತುಂಡು ಕೇಳಿ ಕಿಟಕಿಯ ಹತ್ತಿರ ಒಯ್ದು ನೋಡಿ. ಅಳತೆಯೂ ಹಾಗೆಯೇ ಕಣ್ಣು ಕಟ್ಟುತ್ತದೆ: ಎತ್ತರದ ಮಾಡಿನ ದೊಡ್ಡ ಹಾಲಿನಲ್ಲಿ ಎಲ್ಲವೂ ಸಣ್ಣದಾಗಿ ಕಾಣುತ್ತದೆ. ಆರು ಮಂದಿಯ ಟೇಬಲ್ 60 ಇಂಚು ಉದ್ದ, 36 ಇಂಚು ಅಗಲ ಎಂದಿಟ್ಟುಕೊಳ್ಳಿ. ಕುರ್ಚಿ ಎಳೆದು ಓಡಾಡಲು ಸುತ್ತ 36 ಇಂಚು ಬಿಟ್ಟರೆ 11 ಅಡಿಗೆ 9 ಅಡಿ ಜಾಗ ಬೇಕು. ಮನೆಗೆ ಹೋಗಿ ಹಳೆಯ ಚಾದರವನ್ನು 60ಕ್ಕೆ 36 ಇಂಚಾಗುವಂತೆ ಮಡಚಿ ನೆಲಕ್ಕೆ ಹಾಸಿ, ನಾಲ್ಕು ದಿನ ಅದನ್ನು ತುಳಿಯದೆ ಓಡಾಡಿ ನೋಡಿ. ತುಳಿದಿರೋ, ಅಷ್ಟು ದೊಡ್ಡ ಟೇಬಲ್ ನಿಮಗೆ ಬೇಡ. ಊಟ ಮುಗಿದ ಖುಷಿಯಲ್ಲಿ ಅವತ್ತೇ ಮುಂಗಡ ಕೊಡಬೇಡಿ ಎನ್ನುವುದಕ್ಕೆ ಇಷ್ಟು ಸಾಕು.

ಬಿಲ್ಲಿನ ಮಾತು ಚಿಕ್ಕದು. ಸ್ಟಾರ್ ಹೋಟೆಲಿನೊಳಗಿಲ್ಲದ ರೆಸ್ಟೋರೆಂಟಿಗೆ ಜಿಎಸ್‌ಟಿ ಶೇಕಡಾ 5. ಸರ್ವಿಸ್ ಚಾರ್ಜನ್ನು ತಾನಾಗಿಯೇ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಕಂಡರೆ ತೆಗೆಯಲು ಹೇಳಿ. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915. ಕೂತ ಕೂಡಲೇ ಬಾಟಲಿ ನೀರಿನ ಮುಚ್ಚಳ ತೆಗೆಯುವ ಚಾಳಿ ಕೆಲವು ಕಡೆ ಇದೆ. ಸಾದಾ ನೀರು ಬೇಕೆಂದು ಮೊದಲೇ ಹೇಳಿ. ಕಟ್ಟಿಗೆ ಫರ್ನಿಚರಿನ ತೆರಿಗೆ ಬೇರೆ, ಶೇಕಡಾ 18. “ಊಟದ ಬಿಲ್ಲನ್ನು ಟೇಬಲ್ಲಿನ ಬೆಲೆಯಲ್ಲಿ ವಜಾ ಮಾಡ್ತೀವಿ” ಎಂದರೆ ಅದನ್ನು ಬರೆಸಿಕೊಳ್ಳಿ, ಎರಡು ಬಿಲ್ ಬೇರೆ ಬೇರೆ ಪಡೆಯಿರಿ.

ಬೆಲೆ ಹೆಚ್ಚೆನಿಸಿದರೆ ಅನುಮತಿ ಕೇಳಿ ಅಳತೆ ತೆಗೆದುಕೊಂಡು, ನಿಮ್ಮೂರಿನ ಬಡಿಗ್ಯಾರಿಂದ ಸಾಗವಾನಿಯಲ್ಲಿ ಮಾಡಿಸಬಹುದು. ಆಗ ಕಟ್ಟಿಗೆ ಚೆನ್ನಾಗಿ ಒಣಗಿದೆಯೇ ಎಂಬುದೊಂದನ್ನು ಬಿಡಬೇಡಿ. ದಾಂಡೇಲಿ ಕಡೆಯ ಮಳೆನಾಡಿನಿಂದ ಹಸಿಯಾಗಿ ಬಂದ ಹಲಗೆ ಗದಗಿನ ಒಣ ಬೇಸಿಗೆಯಲ್ಲಿ ಕುಗ್ಗಿ, ಜೋಡಣೆಯಲ್ಲಿ ಬಿರುಕು ಬಿಡುತ್ತದೆ. ತೇವ ಶೇಕಡಾ 8ರಿಂದ 12ರೊಳಗೆ ಇರಬೇಕು. ಅಂಗೈಯಗಲದ ತೇವಮಾಪಕ ದೊಡ್ಡ ಕಟ್ಟಿಗೆ ಅಡ್ಡೆಗಳಲ್ಲಿ ಇರುತ್ತದೆ, ಹಲಗೆ ಸೀಳಿಸುವ ಮೊದಲು ಹಚ್ಚಿ ತೋರಿಸಲು ಹೇಳಿ. ಶೋರೂಮಿನದನ್ನೇ ಕೊಳ್ಳುವುದಾದರೆ ಗದಗದವರೆಗಿನ ಸಾಗಣೆ, ಜೋಡಿಸಿ ಕೊಡುವ ಕೂಲಿ ಬೆಲೆಯೊಳಗೇ ಬರುತ್ತದೆಯೇ, ಟೇಬಲ್ಲಿನ ಕಾಲು ಬಿಚ್ಚಲು ಬರುತ್ತದೆಯೇ ಎಂದು ಕೇಳಿ. ನಿಮ್ಮ ಮನೆ ಮಾಳಿಗೆಯ ಮೇಲಿದ್ದರೆ ಮೆಟ್ಟಿಲಿನ ತಿರುವಿನ ಅಗಲವನ್ನು ಹೊರಡುವ ಮೊದಲೇ ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

— ಸಂ.